ದೀಪ ತಪ್ಪಿಸಿ ನೋಡುವ ಕಣ್ಣು

ಆ ದಿನ ಮಧ್ಯಾಹ್ನ ಸೆಲ್ವಂ ಒಂದು ಮಾತ್ರೆ ಡಬ್ಬಿಗೆ ಕಣ್ಣು ಕೂರಿಸುತ್ತಿದ್ದ. ನಾನು ಪಕ್ಕದಲ್ಲೇ ಕುಳಿತು ಇನ್ನೊಂದು ಡಬ್ಬಿಯ ಕತ್ತು ಸರಿಮಾಡುತ್ತಿದ್ದೆ. ಬಂಗಾರಪೇಟೆ ರೈಲು ನಿಲ್ದಾಣದ ಹಿಂದಿನ ಶೆಡ್ಡು, ತಗಡಿನ ಸೂರು, ನಮ್ಮಿಬ್ಬರಿಗೂ ಒಂದೇ ಉದ್ದನೆಯ ಮೇಜು. ಅವನ ಕಡೆ ಕಿಟಕಿ, ನನ್ನ ಕಡೆ ಫ್ಯಾನು. ವರ್ಷಗಳಿಂದ ಹಾಗೇ ಕೂರುತ್ತಿದ್ದೆವು.

"ವೆಂಕಟಣ್ಣೇ, ನಿನ್ ಕತ್ತು ಕಿರ್ರ್ ಅಂತೈತೆ" ಅಂದ.

"ನನ್ ಕತ್ತಾ, ಡಬ್ಬಿ ಕತ್ತಾ?"

"ಎಲ್ಡೂನೂ. ಎಲ್ಡಕ್ಕೂ ಎಣ್ಣೆ ಬಿಡು."

ಟೀ ಬಂತು. ಅವನು ಸಕ್ಕರೆ ಕಮ್ಮಿ ಎಂದು ಗೊಣಗಿದ. ದಿನವೂ ಗೊಣಗುತ್ತಿದ್ದ. ಸಾಯಂಕಾಲ ಮಾರಿಕುಪ್ಪಂ ರೈಲಿನ ಹೊತ್ತಾಗುತ್ತಲೇ ಕುಂಚ ತೊಳೆದಿಟ್ಟು, ತಾನು ಆಗಷ್ಟೇ ಕೂರಿಸಿದ ಕಣ್ಣುಗಳ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿದ. "ಇವತ್ತು ಮಲೀಕ್ಕೊಳ್ಳಿ. ನಾಳೆ ಎಬ್ಬಿಸಾಣ" ಎಂದು ಚೀಲ ಹೆಗಲಿಗೆ ಹಾಕಿದ. ಬಾಗಿಲು ದಾಟುವಾಗ ತಿರುಗಿ ನೋಡದೆ "ಬತ್ತೀನಿ" ಅಂದ. ನಾನೂ ತಲೆ ಎತ್ತದೆ "ಊಂ" ಅಂದೆ. ಸ್ಪ್ರಿಂಗು ಕೈಯಲ್ಲಿತ್ತು, ಬಿಟ್ಟರೆ ಹಾರಿಹೋಗುತ್ತಿತ್ತು.

ಮರುದಿನ ಬೆಳಗಿನ ರೈಲು ಬಂತು, ಅವನು ಬರಲಿಲ್ಲ. ಊರಿಗಾಂನ ಅವನ ಮನೆಯಿಂದ ಫೋನು ಬಂತು. ಬಚ್ಚಲ ಬಳಿ ಹಲ್ಲುಜ್ಜುತ್ತಾ ನಿಂತಿದ್ದವನು ಕುಸಿದನಂತೆ. ಆಸ್ಪತ್ರೆಗೆ ಸೇರುವ ಮೊದಲೇ ಉಸಿರು ಹೋಗಿತ್ತು.

ಅವನು ಹೋದ ಮೇಲೆ ನಾನು ಕೆಲವು ತಿಂಗಳು ಮಾತ್ರ ಶೆಡ್ಡಿಗೆ ಹೋದೆ. ಆಮೇಲೆ ಸಾಕೆನಿಸಿ ಬಿಟ್ಟೆ. ಈಗ ಶೆಡ್ಡಿಗೆ ಹೊಸದಾಗಿ ಸೇರಿದವರು ಬಂದು, ಈ ಕೆಲಸ ನಿಜಕ್ಕೂ ಹೇಗಿತ್ತು, ಬರೆದುಕೊಡಿ ಎಂದು ಕೇಳುತ್ತಾರೆ. ನಾನು ಹೈಸ್ಕೂಲು ಮುಗಿಸಿ ಮೋಟಾರು ಕಟ್ಟುವುದನ್ನು ಕಲಿತವನು. ಬರೆದು ಅಭ್ಯಾಸವಿಲ್ಲ. ಆದರೂ ಕೂತಿದ್ದೇನೆ. ಕಾರಣ ಇನ್ನೊಂದಿದೆ. ಸೆಲ್ವಂ ತೀರಿಕೊಂಡ ಮೇಲೆ ಅವನ ಹೆಂಡತಿ ಕನಕಮ್ಮ ನನಗೊಂದು ಕೆಲಸ ಹೇಳಿದರು. ಅವನು ಮನೆಗಾಗಿ ಮಾಡಿದ್ದ ಒಂದು ಬಿಂದಿಗೆಯನ್ನು ಬೀಳ್ಕೊಟ್ಟು, ಅದರ ಜಾಗಕ್ಕೆ ಹೊಸದು ಮಾಡಿಕೊಡಬೇಕು. ಆ ಕೆಲಸ ಪೂರ್ತಿ ಮುಗಿದಿಲ್ಲ. ಅದು ಯಾಕೆ ಮುಗಿದಿಲ್ಲ ಎಂದು ಹೇಳಬೇಕಾದರೆ ಮೊದಲಿನಿಂದಲೇ ಹೇಳಬೇಕು.

ನಮ್ಮದು ಮನೆಯ ಸಾಮಾನುಗಳಿಗೆ ಕಣ್ಣು, ಕತ್ತು, ಕೈ ಕೂರಿಸುವ ಕೆಲಸ. ಮಾತ್ರೆ ಡಬ್ಬಿ, ದೀಪ, ಅಕ್ಕಿ ಬೇಯಿಸುವ ಪಾತ್ರೆ, ಬಿಂದಿಗೆ. ಕಿವಿ ಕೇಳದವರಿಗೆ, ಮರೆವು ಹತ್ತಿದವರಿಗೆ, ಕಣ್ಣು ಮಂಜಾದವರಿಗೆ ಅವು ತಲೆ ಎತ್ತಿ, ತಿರುಗಿ, ಕೈ ಬೀಸಿ ತಮ್ಮ ಸುದ್ದಿ ಹೇಳಬೇಕು. ಈ ಶೆಡ್ಡು ಶುರುಮಾಡಿದವರು ಶಾರದಾ ಮೇಡಂ. ಮೊದಲು ವಯಸ್ಸಾದವರಿಗೆ ಊರುಗೋಲು, ಗಾಲಿಕುರ್ಚಿ ಮಾಡಿಸಿಕೊಡುತ್ತಿದ್ದರು. ಪೇಟೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಕರೆದು, "ಒಂದು ಡಬ್ಬಿ ತಲೆ ಎತ್ತಬೇಕು, ಮಾಡ್ತೀರಾ?" ಎಂದು ಕೇಳಿದರು. ಹುಚ್ಚು ಹೆಂಗಸು ಅಂದುಕೊಂಡೆ. ಆದರೆ ಡಬ್ಬಿಗೆ ಎಂಥ ಮೋಟಾರು ಹಾಕಬಹುದು ಎಂದು ಅಂದೇ ಯೋಚನೆ ಹತ್ತಿತು.

ಬೂದಿಕೋಟೆಯ ಆಚೆ ನಮ್ಮ ಹಳ್ಳಿ. ಅಲ್ಲಿ ಅಮ್ಮನಿಗೆ ಈ ಕೆಲಸದ ಬಗ್ಗೆ ಹೇಳಲು ನಾಚಿಕೆಯಾಗಿತ್ತು. ಅವಳು ಕಡ್ಲೆಕಾಯಿ ಸುಲಿಯುತ್ತಾ ಕೇಳಿ, "ಅದಕ್ಯಾಕ್ಲಾ ಇಷ್ಟೊಂದು ಮುಜುಗರ? ನಿನ್ ತೊಟ್ಲು ಶಾಸ್ತ್ರದಾಗೆ ನಿನಗಿಂತ ಮುಂಚೆ ಗುಂಡ್ಕಲ್ಲಿಗೆ ಕುಲಾವಿ ಕಟ್ಟಿ ತೂಗಿದ್ವಿ. ಅದೇನೂ ಅಳ್ನಿಲ್ಲ. ನೀನೇ ಅತ್ತಿದ್ದು" ಅಂದಳು.

ಆಮೇಲೆ ನಾನು ನಾಚಿಕೊಳ್ಳಲಿಲ್ಲ.

ಶುರುವಿನಲ್ಲಿ ನಮ್ಮ ಸಾಮಾನುಗಳು ಮಾತಾಡುತ್ತಿದ್ದವು. ಅಚ್ಚುಕಟ್ಟಾದ ಕನ್ನಡದಲ್ಲಿ ಒಬ್ಬ ಹೆಣ್ಣುಮಗಳ ದನಿ. "ದಯವಿಟ್ಟು ಒಲೆಯನ್ನು ಆರಿಸಿ" ಎಂದು ಪಾತ್ರೆ ಹೇಳಿದರೆ, ಮನೆಯವರು ಒಲೆ ಆರಿಸುವುದನ್ನು ಬಿಟ್ಟು ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ನಮ್ಮ ಸೀಮೆಯಲ್ಲಿ ಒಂದೇ ಅಡುಗೆಮನೆಯಲ್ಲಿ ಅತ್ತೆ ತೆಲುಗು, ಸೊಸೆ ಕನ್ನಡ, ಪಕ್ಕದ ಮನೆಯವರು ತಮಿಳು ಆಡುತ್ತಾರೆ. ಪಾತ್ರೆಗೆ ಯಾವ ಭಾಷೆ ಕಲಿಸುವುದು? ಒಂದು ಮನೆಯ ಅಜ್ಜ ನಮ್ಮನ್ನು ಕರೆಸಿ, "ಈವಮ್ಮನ್ನ ಕರ್ಕೊಂಡೋಗ್ರಪ್ಪ. ಮನೇಲಿ ಮೇಷ್ಟ್ರಮ್ಮನ್ನ ಇಟ್ಕೊಂಡಂಗೈತೆ" ಎಂದು ಪಾತ್ರೆಯನ್ನು ಕೈಗೆ ಕೊಟ್ಟುಬಿಟ್ಟರು.

ನಿಜವಾದ ಪಾಠ ಕಲಿಸಿದ್ದು ಚಿನ್ನಕ್ಕನ ಡಬ್ಬಿ. ಚಿನ್ನಕ್ಕ ಬೂದಿಕೋಟೆ ಹತ್ತಿರದ ಹಳ್ಳಿಯ ಮುದುಕಿ. ಹಗಲೆಲ್ಲ ಹೊಲದಲ್ಲಿರುವ ಮಗ ಸೊಸೆಗೆ, ಅವಳು ಮಾತ್ರೆ ಮರೆಯುತ್ತಾಳೆ ಎಂಬ ಚಿಂತೆ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆಯದಿದ್ದರೆ ಡಬ್ಬಿ ಬಾಯಿ ಕೆಳಗೆ ಮಾಡಿ, "ನೀವು ಮಾತ್ರೆ ತಗೊಂಡಿಲ್ಲ, ನನಗೆ ಬೇಜಾರಾಗಿದೆ" ಎನ್ನುತ್ತಿತ್ತು. ಮುಚ್ಚಳದ ಹಲ್ಲು ಸವೆದಿದ್ದರಿಂದ ಮಾತ್ರೆ ತೆಗೆದರೂ ಡಬ್ಬಿಗೆ ತಿಳಿಯದೆ ಮುಖ ಸಪ್ಪಗೇ ಉಳಿಯಿತು. ಮುದುಕಿ ಇನ್ನೊಂದು ಮಾತ್ರೆ ನುಂಗಿದಳು. ಸೊಸೆ ಬಂದು ನೋಡುವಾಗ ತಲೆ ತಿರುಗಿ ಕಂಬಕ್ಕೆ ಒರಗಿ ಕೂತಿದ್ದಳು. ದೇವರು ದೊಡ್ಡವನು, ಸಂಜೆಗೆ ಸರಿಯಾದಳು.

ನಾವು ಹೋದಾಗ ಅವಳೇ ಡಬ್ಬಿಯ ಪರ ಮಾತಾಡಿದಳು. "ಅದನ್ ಬೈಬ್ಯಾಡ್ರಿ. ಪಾಪ, ಮೂತಿ ಸಣ್ಣದ್ ಮಾಡ್ಕೊಂಡು ಕೂತಿತ್ತು. ಇನ್ನೊಂದು ನುಂಗಿದ್ರೆ ನಕ್ಕಾತು ಅಂತ ನುಂಗ್ದೆ."

ಮೇಡಂ ನಮ್ಮ ಜೊತೆ ಬಸ್ಸಿನಲ್ಲಿ ವಾಪಸು ಹೊರಟರು. ಶೆಡ್ಡಿಗೆ ಬಂದು ಎಲ್ಲರನ್ನೂ ಕೂರಿಸಿ ಹೇಳಿದರು: "ಡಬ್ಬಿಗೆ ಬೇಜಾರಾಗಲ್ಲ. ಆಗುತ್ತೆ ಅಂತ ಹೇಳಿಸಿದ್ದು ನಾನು. ಇನ್ನು ಮೇಲೆ ಸುಳ್ಳು ಹೇಳೋ ಸಾಮಾನು ಈ ಬಾಗಿಲು ದಾಟಬಾರದು." ಅವರು ಕೋಪ ಬಂದಾಗ ದನಿ ಇಳಿಸುತ್ತಿದ್ದರು. ಅಂದು ನಾವು ಕಿವಿಗೊಟ್ಟು ಕೇಳಬೇಕಾಯಿತು. ಅಂದಿನಿಂದ ನಮ್ಮ ಸಾಮಾನುಗಳು ಅಳುವುದನ್ನೂ ಮಾತಾಡುವುದನ್ನೂ ಬಿಟ್ಟವು. ತಲೆ ಎತ್ತುವುದು, ತಿರುಗುವುದು, ನೋಡುವುದು, ಕೈ ಬೀಸುವುದು. ಅಷ್ಟೇ. ಹೊಸದಾಗಿ ಬಂದವರು ಇದನ್ನು ಹಳೆಯ ಪದ್ಧತಿ ಅನ್ನುತ್ತೀರಿ. ಈಗ ದನಿ ಕೂರಿಸುವುದು ಬಹಳ ಸುಲಭವಾಗಿದೆ, ನಿಜ. ಆದರೂ ಒಮ್ಮೆ ಚಿನ್ನಕ್ಕನನ್ನು ನೆನೆಸಿಕೊಳ್ಳಿ.

ಮಾತು ಹೋದ ಮೇಲೆ ಕಣ್ಣಿನ ಕಷ್ಟ ಶುರುವಾಯಿತು. ಮೊದಲು ನಾವು ಬೊಂಬೆ ಅಂಗಡಿಯ ಪ್ಲಾಸ್ಟಿಕ್ ಕಣ್ಣು ತಂದು ಅಂಟಿಸುತ್ತಿದ್ದೆವು. ಅವು ನೇರವಾಗಿ ದುರುಗುಟ್ಟುತ್ತಿದ್ದವು. ಯಾವ ಮನೆಗೆ ಹೋದರೂ ನಮ್ಮ ದೀಪದ ಮೇಲೊಂದು ಟವೆಲ್ಲು. "ಬಟ್ಟೆ ಬದಲಾಯ್ಸಕ್ಕಾಗಲ್ಲ ಸಾಮಿ" ಎಂದು ಒಬ್ಬಾಕೆ. "ಪೊಲೀಸ್ನೋರ್ ಥರ ನೋಡ್ತೈತೆ" ಎಂದು ಒಬ್ಬಾತ. ಮೇಡಂ ರೆಪ್ಪೆ ಮಾಡಿಸಿದರು. ಬೇಡವಾದಾಗ ಮನೆಯವರು ಮುಚ್ಚಬಹುದು. ಅದು ಒಳ್ಳೆಯ ಯೋಚನೆ, ಇವತ್ತಿಗೂ ಇದೆ. ಆದರೆ ತೆರೆದ ಕಣ್ಣಿನ ಕಷ್ಟ ತೆರೆದಾಗ ಇದ್ದೇ ಇತ್ತು.

ಆಗ ಸೆಲ್ವಂ ಬಂದ. ಚಿನ್ನದ ಗಣಿ ಮುಚ್ಚುವವರೆಗೂ ನೆಲದೊಳಗೆ ಫಿಟ್ಟರಾಗಿದ್ದವನು. ಆಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿ ಗಾರೆ ಬೊಂಬೆಗಳಿಗೆ ಬಣ್ಣ ಬಳಿದು ಸಂಸಾರ ನಡೆಸಿದ್ದ. ಬಂದ ದಿನವೇ ನಮ್ಮ ದೀಪವನ್ನು ಕೈಯಲ್ಲಿ ಹಿಡಿದು ಅದರ ಮುಖ ನೋಡಿ ಜೋರಾಗಿ ನಕ್ಕ.

"ಏನ್ ಮೇಡಂ, ಇದು ಅಂಡರ್‌ಗ್ರೌಂಡಿಗೆ ಇಳಿದ್ರೆ ಮೊದಲ್ನೇ ದಿನಾನೇ ಒದೆ ತಿಂತೈತೆ."

"ಯಾಕೆ?" ಅಂದರು ಮೇಡಂ.

ಅವನು ನನ್ನ ಟಾರ್ಚು ತೆಗೆದುಕೊಂಡ, ಟವೆಲ್ಲಿನಿಂದ ಹಣೆಗೆ ಕಟ್ಟಿಕೊಂಡ, ನನ್ನೆದುರು ನಿಂತು ಮುಖಕ್ಕೆ ಮುಖ ಕೊಟ್ಟು ನೋಡಿದ. ಬೆಳಕು ಕಣ್ಣಿಗೆ ಹೊಡೆದು ನಾನು ಕೈ ಅಡ್ಡ ಹಿಡಿದೆ.

"ಆಂ, ನೋಡುದ್ರಾ? ಕೆಳಗೆ ಎಲ್ರ ತಲೇ ಮೇಲೂ ದೀಪ. ನೆಟ್ಟಗೆ ನೋಡುದ್ರೆ ಎದುರಿಗಿರೋನು ಕುರುಡ. ಅದಕ್ಕೆ ಯಾರನ್ನ ಮಾತಾಡ್ಸಿದ್ರೂ ತಲೆ ಒಸಿ ಓರೆ ಮಾಡಿ, ಗದ್ದ ಇಳ್ಸಿ ನೋಡ್ಬೇಕು. ದೀಪ ತಪ್ಸಿ ನೋಡೋದು ಅಂತೀವಿ. ಮೇಲೆ ಬಂದ್ರೂ ಆ ಅಭ್ಯಾಸ ಓಗಲ್ಲ. ನಮ್ ಜನಾನ ನೋಡಿ, ಯಾರೂ ನೆಟ್ಟಗೆ ನೋಡಲ್ಲ. ಎಂಡ್ತಿ ಮುಂದೆ ಬೇರೆ ಕಾರಣಕ್ಕೆ."

ಮೇಡಂ ನಕ್ಕುಬಿಟ್ಟರು. ಅವರು ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವನು ಪ್ಲಾಸ್ಟಿಕ್ ಕಣ್ಣು ಕಿತ್ತು, ಬೆಳ್ಳಗಿನ ಗುಂಡಿಯ ಮೇಲೆ ಕುಂಚದಿಂದ ಪಾಪೆ ಬರೆದ. ಎರಡೂ ಕಣ್ಣನ್ನು ಕೂದಲೆಳೆಯಷ್ಟು ಕೆಳಕ್ಕೆ, ಒಂದು ಮಗ್ಗುಲಿಗೆ ತಿರುಗಿಸಿ ಕೂರಿಸಿದ. ಅಂಥ ದೀಪದ ಎದುರು ಕುಳಿತರೆ, ನಿಮ್ಮನ್ನು ಗಮನಿಸಿದ್ದಾರೆ ಆದರೆ ನಿಮ್ಮ ಮೇಲೆ ಕಣ್ಣಿಟ್ಟಿಲ್ಲ ಎನಿಸುತ್ತಿತ್ತು. ಟವೆಲ್ಲುಗಳು ಒಂದೊಂದಾಗಿ ಇಳಿದವು.

ಕಣ್ಣು ಅವನದಾದರೆ ಕತ್ತು ನನ್ನದು. ಅದಕ್ಕೆ ನಮ್ಮಪ್ಪನ ಕುರಿಗಳೇ ಗುರು. ಮೇಯುತ್ತಿರುವ ಕುರಿ ಸಪ್ಪಳ ಕೇಳಿದರೆ ಫಕ್ಕನೆ ತಿರುಗುವುದಿಲ್ಲ. ತಲೆ ಅರ್ಧ ಎತ್ತಿ, ಒಂದು ಗಳಿಗೆ ನಿಂತು, ಆಮೇಲೆ ತಿರುಗುತ್ತದೆ. ಆ ನಿಲುಗಡೆ ಇಲ್ಲದಿದ್ದರೆ ಮನೆಯವರು ಬೆಚ್ಚಿಬೀಳುತ್ತಾರೆ. ಸೆಲ್ವಂ ನನ್ನನ್ನು "ಕುರಿ ಡಾಕ್ಟ್ರು" ಅನ್ನುತ್ತಿದ್ದ. ನಾನು ಅವನನ್ನು "ಇಲಿ" ಅನ್ನುತ್ತಿದ್ದೆ, ನೆಲದೊಳಗಿದ್ದವನು ಎಂದು. ಕತ್ತು ಎತ್ತಿದಾಗ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ನಮ್ಮಿಬ್ಬರಿಗೂ ದಿನವೂ ಜಗಳ. ನನ್ನ ಕತ್ತು ಬದಲಾದರೆ ಅವನ ಕಣ್ಣು ಬದಲಾಗಬೇಕು. ಅವನ ಕಣ್ಣು ಬದಲಾದರೆ ನನ್ನ ಕತ್ತು.

ಈಗ ಆ ಬಿಂದಿಗೆಯ, ಅಂದರೆ ಪಾಪಾತ್ತಿಯ ವಿಷಯ. ಗಣಿಯವರಿಗಾಗಿ ಸಾಲಾಗಿ ಕಟ್ಟಿದ ಊರಿಗಾಂನ ಲೈನು ಮನೆಗಳಲ್ಲಿ ನಲ್ಲಿ ನೀರಿಗೆ ಹೊತ್ತುಗೊತ್ತಿಲ್ಲ. ಬಂದಾಗ ಹಿಡಿಯಬೇಕು. ಬೀದಿಯಲ್ಲಿ ಯಾರೋ "ತಣ್ಣಿ ವಂದಿಚ್ಚಿ!" ಎಂದು ಕೂಗುತ್ತಾರೆ, ನೀರು ಬಂತು ಎಂದು. ಎಲ್ಲರೂ ಬಣ್ಣಬಣ್ಣದ ಬಿಂದಿಗೆ ಹಿಡಿದು ಓಡುತ್ತಾರೆ. ಕನಕಮ್ಮನಿಗೆ ಮದುವೆಯಾದ ಕೆಲವು ವರ್ಷಕ್ಕೆ ಜ್ವರ ಬಂದು ಎರಡು ಕಿವಿಯೂ ಹೋಗಿತ್ತು. ಕೂಗು ಕೇಳದು. ಸೆಲ್ವಂ ಕೆಲಸಕ್ಕೆ ಹೋದ ದಿನ ಎಷ್ಟೋ ಸಲ ನೀರು ಬಂದು ನಿಂತ ಮೇಲೆ ಆಕೆಗೆ ತಿಳಿಯುತ್ತಿತ್ತು. ಅವರಿವರನ್ನು ಬೇಡುವುದು ಆಕೆಗೆ ಆಗದು.

ಹಾಗಾಗಿ ಅವನು ಒಂದು ಕೆಂಪು ಪ್ಲಾಸ್ಟಿಕ್ ಬಿಂದಿಗೆಗೆ ಮುಖ ಮಾಡಿದ. ಬಿಂದಿಗೆಯ ಕೊರಳೇ ಕತ್ತು, ಮುಚ್ಚಳವೇ ತಲೆ, ಪಕ್ಕದಲ್ಲಿ ಎರಡು ತಗಡಿನ ಕೈ. ಹೊರಗಿನ ನಲ್ಲಿಯಿಂದ ಒಂದು ತಂತಿ. ನೀರು ಬಂದೊಡನೆ ಅಡುಗೆಮನೆಯ ಗೂಡಿನಲ್ಲಿ ಬಿಂದಿಗೆ ತಲೆ ಎತ್ತಿ ಎರಡು ಕೈಯನ್ನೂ ಬೀಸುತ್ತಿತ್ತು. ಕನಕಮ್ಮನೇ ಅದಕ್ಕೆ ಪಾಪಾತ್ತಿ ಎಂದು ಹೆಸರಿಟ್ಟರು.

ಮೊದಲ ವಾರವೇ ಅನಾಹುತ. ಪೈಪಿನಲ್ಲಿ ನೀರಿಗೆ ಮೊದಲು ಗಾಳಿ ಬರುತ್ತದೆ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು. ಗಾಳಿ ಬಂತು, ಪಾಪಾತ್ತಿ ಕೈ ಬೀಸಿದಳು, ಕನಕಮ್ಮ ಬಿಂದಿಗೆ ಹಿಡಿದು ಓಡಿದರು. ಕಿವಿ ಕೇಳದವಳೇ ಓಡುತ್ತಿದ್ದಾಳೆ ಅಂದರೆ ನೀರು ಬಂದೇ ಬಂದಿದೆ ಎಂದು ಇಡೀ ಲೈನು ಓಡಿತು. ನಲ್ಲಿ ಬುಸ್ ಎಂದು ಸುಮ್ಮನಾಯಿತು. ಸಾಯಂಕಾಲ ಸೆಲ್ವಂ ರೈಲಿಳಿದು ಬರುವಾಗ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರಂತೆ. "ಏನ್ ಸೆಲ್ವಣ್ಣಾ, ನಿಮ್ ಪಾಪಾತ್ತಿ ಗಾಳಿ ಕುಡ್ದುಬಿಟ್ಳಾ?" ಎಂದು ಒಬ್ಬಳು. "ನಾಳೆ ಅವಳ್ನೇ ನೀರು ತರಕ್ಕೆ ಕಳ್ಸು" ಎಂದು ಇನ್ನೊಬ್ಬಳು. ಮರುದಿನ ಅವನು ಸಪ್ಪೆ ಮುಖದಲ್ಲಿ ಬಂದ. ನಾವು ನಲ್ಲಿಯ ಬಾಯಡಿ ಒಂದು ಡಬ್ಬದಲ್ಲಿ ತೇಲುವ ಬಿರಡೆ ಕಟ್ಟಿದೆವು. ನಿಜವಾದ ನೀರು ಬಂದು ಬಿರಡೆ ಮೇಲೇಳುವವರೆಗೂ ಪಾಪಾತ್ತಿ ಸುಮ್ಮನಿರಬೇಕು. ಆಮೇಲೆ ಅವಳು ಒಂದು ಸಲವೂ ತಪ್ಪಲಿಲ್ಲ. ಲೈನಿನವರು ಕೂಗಿಗಿಂತ ಕನಕಮ್ಮನನ್ನೇ ನೋಡಿ ಓಡತೊಡಗಿದರು.

ಸ್ವಲ್ಪ ಕಾಲದ ಮೇಲೆ ಅವನು ಇನ್ನೊಂದು ಸೇರಿಸಿದ. ಮನೆ ರೈಲು ಹಳಿಗೆ ಹತ್ತಿರ. ರೈಲು ಬಂದರೆ ನೆಲ ನಡುಗುತ್ತದೆ. ಒಂದು ಪುಟ್ಟ ಬಟ್ಟಲಿನಲ್ಲಿ ಕಬ್ಬಿಣದ ಗೋಲಿ ಇಟ್ಟು ಪಾಪಾತ್ತಿಯ ತಳಕ್ಕೆ ಕೂರಿಸಿದ. ನಡುಕಕ್ಕೆ ಗೋಲಿ ಅಲುಗಿದರೆ ಪಾಪಾತ್ತಿ ಕೈ ಬೀಸದೆ, ಬರೀ ತಲೆ ಎತ್ತಿ ಬಾಗಿಲ ಕಡೆ ತಿರುಗುತ್ತಿದ್ದಳು. ಎಲ್ಲ ರೈಲಿಗೂ ತಿರುಗುತ್ತಿದ್ದಳು. ಕನಕಮ್ಮ ಸಾಯಂಕಾಲದ್ದಕ್ಕೆ ಮಾತ್ರ ಟೀಗೆ ನೀರಿಡುತ್ತಿದ್ದರು.

"ಇದ್ಯಾಕಯ್ಯಾ? ನೀನು ಬಾಗ್ಲಿಗೆ ಬಂದ್ಮೇಲೆ ಇಟ್ರೆ ಆಗಲ್ವಾ?" ಅಂದೆ.

"ಮನೇ ತಲುಪೋವತ್ಗೆ ಟೀ ರೆಡಿ ಇರ್ಬೇಕು ಅಣ್ಣೇ. ಶೆಡ್ಡಲ್ಲಿ ಸಕ್ಕರೆ ಕಮ್ಮಿ" ಅಂದ.

ಇನ್ನು ಕದಲಿಸುವ ವಿಷಯ. ಇದನ್ನು ನೀವು ಈಗಲೂ ಮಾಡುತ್ತೀರಿ, ಆದರೆ ಎಲ್ಲಿಂದ ಬಂತು ಎಂದು ನಿಮಗೆ ಯಾರೂ ಹೇಳಿರಲಾರರು. ಬಂಗಾರಪೇಟೆಯ ಒಂದು ಮನೆಯಲ್ಲಿ ನಮ್ಮ ದೀಪವಿತ್ತು. ಕಣ್ಣು ಮಂಜಾದ ಯಜಮಾನರು ಎದ್ದರೆ ಅದು ಅವರ ಕಡೆ ತಿರುಗಿ ಬೆಳಕು ಬಿಡುತ್ತಿತ್ತು. ಅವರು ತೀರಿಕೊಂಡ ಮೇಲೆ ದೀಪ ವಾಪಸು ತರಲು ನಾವಿಬ್ಬರೂ ಹೋದೆವು. ನಾನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ಯಜಮಾನರ ಹೆಂಡತಿ ಒಳಗಿನಿಂದ ಓಡಿಬಂದು ದೀಪಕ್ಕೆ ಅಡ್ಡ ನಿಂತರು.

"ಏನ್ರಪ್ಪಾ ಇದು? ಕಳಶಕ್ಕೆ ಮುಖ ಇಟ್ಟು ಪೂಜೆ ಮಾಡಿದ್ಮೇಲೆ ಕದಲಿಸ್ದೆ ಎತ್ತಾರಾ? ಅಂಗೇ ಕಣ್ಣು ಕೀಳ್ತೀರಾ?"

ಕಳಶ ಕದಲಿಸುವುದು ನಮಗೆಲ್ಲ ಗೊತ್ತಿರುವುದೇ. ತೆಂಗಿನಕಾಯಿಗೆ ಅರಿಶಿನ ಬಳಿದು, ಕಣ್ಣು ಮೂಗು ಇಟ್ಟು ಕೂರಿಸುತ್ತೇವೆ. ಪೂಜೆ ಮುಗಿದ ಮೇಲೆ ಚೂರು ಸರಿಸಿ, ಹೋಗಿ ಬಾ ತಾಯಿ ಅನ್ನುತ್ತೇವೆ. ಆಮೇಲೆ ಚೊಂಬು ಬರೀ ಚೊಂಬು, ಕಾಯಿ ಬರೀ ಕಾಯಿ. ಒಡೆದು ಹೋಳಿಗೆಗೂ ಹಾಕಬಹುದು. ಸಾಮಾನುಗಳಿಗೆ ಮುಖ ಇಡುವುದನ್ನೇ ಕೆಲಸ ಮಾಡಿಕೊಂಡಿದ್ದ ನಮಗೆ, ಇಟ್ಟ ಮುಖವನ್ನು ಕಳಿಸಿಕೊಡಬೇಕು ಎಂಬುದು ಅದುವರೆಗೆ ಹೊಳೆದಿರಲಿಲ್ಲ. ಮೇಡಂಗೆ ಫೋನು ಮಾಡಿದೆ. ಅವರು ಯಾವಾಗಲೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಮನೆಯವರು ಏನಂತಾರೆ?" ಹೇಳಿದೆ. "ಹಾಗೇ ಮಾಡಿ" ಅಂದರು.

ಮುಖ ಕೂರಿಸಿದವರೇ ಕದಲಿಸಬೇಕು, ಅವರಿಲ್ಲದಿದ್ದರೆ ಆ ಮನೆಯವರು ಎಂದು ಆ ತಾಯಿ ಹೇಳಿಕೊಟ್ಟರು. ಸೆಲ್ವಂ ಚಪ್ಪಲಿ ಬಿಟ್ಟು ಬಂದು ದೀಪವನ್ನು ಬೆರಳಗಲ ಸರಿಸಿದ. ಆಕೆ, "ಓಗ್ಬಾರಪ್ಪ. ಅವ್ರನ್ನ ನೀನು ಚೆನ್ನಾಗಿ ನೋಡ್ಕೊಂಡೆ" ಅಂದರು. ಆಮೇಲೆ ತಾವೇ ದೀಪವನ್ನು ನನ್ನ ಕೈಗೆ ಕೊಟ್ಟರು.

ಅಂದಿನಿಂದ ಅದು ಶೆಡ್ಡಿನ ಪದ್ಧತಿಯಾಯಿತು. ಕಣ್ಣು ಬಿಚ್ಚುವ ಮೊದಲು ಕದಲಿಸು. ಸೆಲ್ವಂಗೆ ಅದೊಂದು ಆಟವೂ ಆಯಿತು. ಮಧ್ಯಾಹ್ನ ನನ್ನ ಊಟದ ಡಬ್ಬಿಯನ್ನು ಒಂದು ಬೆರಳಿನಿಂದ ಸರಿಸಿ, "ಅಪ್ಪಣೆ ಸಿಕ್ತು" ಎಂದು ಉಪ್ಪಿನಕಾಯಿ ಎತ್ತಿಕೊಳ್ಳುತ್ತಿದ್ದ.

ಅವನ ಹನ್ನೊಂದನೆಯ ದಿನ ಮುಗಿದ ಮೇಲೆ ಒಂದು ಸಲ ಊರಿಗಾಂಗೆ ಹೋದೆ. ಕನಕಮ್ಮ ಟೀ ಕೊಟ್ಟರು. ನೆಲ ಸಣ್ಣಗೆ ನಡುಗಿತು. ಗೂಡಿನಲ್ಲಿ ಪಾಪಾತ್ತಿ ತಲೆ ಅರ್ಧ ಎತ್ತಿ, ಒಂದು ಗಳಿಗೆ ನಿಂತು, ಬಾಗಿಲ ಕಡೆ ತಿರುಗಿದಳು. ಅದು ನಾನೇ ಮಾಡಿದ ಕತ್ತು. ಕನಕಮ್ಮ ಬಾಗಿಲ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ದಿನಾ ಇಂಗೇ ಅಣ್ಣಾ" ಅಂದರು. ಕಿವಿ ಕೇಳದ್ದರಿಂದ ಅವರ ಮಾತು ಯಾವಾಗಲೂ ಜೋರು. "ಎಲ್ಲಾ ರೈಲ್ಗೂ. ಮುಂಚೆ ಸಾಯಂಕಾಲದ್ದು ಮಾತ್ರ ಕಣ್ಣಿಗೆ ಬೀಳ್ತಿತ್ತು. ಈಗ ಎಲ್ಲಾನೂ ಬೀಳ್ತೈತೆ."

ನಾನು ಬೆರಳಲ್ಲಿ ಕತ್ತರಿ ಮಾಡಿ ತೋರಿಸಿದೆ. ಗೋಲಿಯ ತಂತಿ ಕತ್ತರಿಸಿದರೆ ಆಯಿತು, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ, ನೀರಿಗೆ ಮಾತ್ರ ಏಳುತ್ತಾಳೆ ಎಂದು ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ.

ಅವರು ಕೈ ಅಡ್ಡ ಆಡಿಸಿದರು. "ಬ್ಯಾಡ. ಅದು ಅವ್ರು ಮಾಡಿದ್ದು. ಅದರ ತಲೇಲಿರೋದನ್ನ ಅರ್ಧ ಕುಯ್ದು ಅರ್ಧ ಇಟ್ಕೊಳಕ್ಕೆ ನಂಗಿಷ್ಟ ಇಲ್ಲ. ನೀವು ಊರೋರ ಮನೇಲೆಲ್ಲ ಕದಲಿಸ್ತೀರಲ್ಲ, ಅಂಗೇ ಪೂರ್ತಿ ಕದಲಿಸಿ ಕಳ್ಸಿಕೊಡಿ. ನಂಗೆ ಹೊಸದು ಮಾಡ್ಕೊಡಿ. ನೀರಿಗೆ ಏಳ್ಬೇಕು, ರೈಲಿಗೆ ಬ್ಯಾಡ. ನೀರಿಲ್ದೆ ಈ ಲೈನಲ್ಲಿ ಎಂಗೆ ಬದುಕ್ಲಿ? ದಿನಾ ಒಬ್ಬೊಬ್ರ ಬಾಗ್ಲಿಗೆ ಓಗಿ ಬಿಂದ್ಗೆ ಚಾಚ್ಲಾ?"

ಹೊಸ ಬಿಂದಿಗೆಗೆ ಕತ್ತು, ಕೈ, ಬಿರಡೆ ಎಲ್ಲ ಮಾಡಿಕೊಂಡು ಹೋದೆ. ಈ ಸಲ ಹಸಿರು ಬಿಂದಿಗೆ, ಅವರೇ ಆರಿಸಿದ್ದು. ಕಣ್ಣು ಆಮೇಲೆ ನೋಡೋಣ ಅಂದುಕೊಂಡಿದ್ದೆ. ಕನಕಮ್ಮ ಗೂಡು ಒರೆಸಿ, ಪಾಪಾತ್ತಿಗೆ ಕುಂಕುಮ ಇಟ್ಟು, ಒಂದು ಮೊಳ ಕನಕಾಂಬರ ಮುಡಿಸಿದ್ದರು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದಿದ್ದರು. ಕೂರಿಸಿದವನಿಲ್ಲ, ಆದ್ದರಿಂದ ಕನಕಮ್ಮನೇ ಕದಲಿಸಬೇಕು. ಅವರು ಸೆರಗು ಹೊದ್ದು ಕೈ ಮುಂದೆ ಚಾಚಿದರು.

ಅಷ್ಟರಲ್ಲಿ ಪಾಪಾತ್ತಿ ತಲೆ ಎತ್ತಿ ಎರಡು ಕೈಯನ್ನೂ ಬೀಸತೊಡಗಿದಳು.

"ಅಯ್ಯೋ, ತಣ್ಣಿ!" ಎಂದು ಪಕ್ಕದ ಮನೆಯಾಕೆ ಚೀರಿದಳು. ಇಬ್ಬರೂ ಹೊರಗೆ ಹಾರಿದರು. ಕನಕಮ್ಮ ಒಂದು ಕ್ಷಣ ನನ್ನ ಮುಖ ನೋಡಿದರು. "ನೀವೇನ್ ನೋಡ್ತೀರಾ, ಇಡ್ಕೊಳಿ!" ಎಂದು ನನ್ನ ಕೈಗೂ ಎರಡು ಬಿಂದಿಗೆ ತುರುಕಿ ಓಡಿದರು. ನಾನೂ ಓಡಿದೆ. ಲೈನೆಲ್ಲ ನಲ್ಲಿಗಳ ಮುಂದೆ ನಿಂತಿತ್ತು. ಬಿಂದಿಗೆ, ಬಕೀಟು, ಡ್ರಮ್ಮು, ಕೊನೆಗೆ ಕುಕ್ಕರಿನ ತಳವೂ ತುಂಬಿತು. ಒಬ್ಬಾಕೆ ನನ್ನನ್ನು ನೋಡಿ, "ಬೂದಿಕೋಟೆ ಗೌಡ್ರು ನೀರು ಓರ್ತಾವ್ರೆ, ಫೋಟೊ ತೆಗೀರಿ" ಅಂದಳು. ಕನಕಮ್ಮನಿಗೆ ಕೇಳಿಸಲಿಲ್ಲ, ಆದರೆ ನನ್ನ ಒದ್ದೆ ಪ್ಯಾಂಟು ನೋಡಿ ನಕ್ಕರು. ಅವನು ಹೋದ ಮೇಲೆ ಅವರ ಮುಖದಲ್ಲಿ ನಗು ನೋಡಿದ್ದು ಅದೇ ಮೊದಲು.

ನೀರು ನಿಂತ ಮೇಲೆ ಒಳಗೆ ಬಂದೆವು. ಪಾಪಾತ್ತಿ ಕೈ ಇಳಿಸಿ ತಣ್ಣಗಿದ್ದಳು. ಕನಕಮ್ಮ ಒದ್ದೆ ಕೈಯಲ್ಲೇ ಅವಳನ್ನು ಬೆರಳಗಲ ಸರಿಸಿದರು. "ಓಗ್ಬಾ ಪಾಪಾತ್ತಿ. ವೇಲೆ ಮುಡಿಂಜಿಚ್ಚಿ" ಅಂದರು, ಕೆಲಸ ಮುಗಿಯಿತು ಎಂದು.

ನಾನು ತಂತಿಗಳನ್ನು ಬಿಚ್ಚಿದೆ, ಕತ್ತು ಬಿಚ್ಚಿದೆ, ಗೋಲಿಯ ಬಟ್ಟಲು ತೆಗೆದೆ. ಕೊನೆಗೆ ಕಣ್ಣುಗಳನ್ನು ಬಿಡಿಸಿ ಅಂಗೈಯಲ್ಲಿ ಹಿಡಿದು, ಹೊಸದಕ್ಕೆ ಇವನ್ನೇ ಕೂರಿಸಲೇ ಎಂದು ಸನ್ನೆಯಲ್ಲಿ ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿ ಕಣ್ಣುಗಳನ್ನು ತೆಗೆದುಕೊಂಡು, ಅವನ ಕೈಗಡಿಯಾರ ಇಟ್ಟಿದ್ದ ಡಬ್ಬಿಯಲ್ಲಿ ಹಾಕಿದರು. ಕೆಂಪು ಬಿಂದಿಗೆಯನ್ನು ತೊಳೆದು ಬೇರೆ ಬಿಂದಿಗೆಗಳ ಸಾಲಿಗೆ ಸೇರಿಸಿದರು. ಅದರಲ್ಲಿ ಈಗ ನೀರು ತುಂಬುತ್ತಾರೆ.

ಹೊಸದಕ್ಕೆ ನಾನೇ ಕಣ್ಣು ಬರೆದೆ. ಸೆಲ್ವಂ ಮಾಡುವುದನ್ನು ಎಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದೇನೆ. ಎಷ್ಟು ಕೆಳಕ್ಕೆ, ಯಾವ ಮಗ್ಗುಲಿಗೆ ಎಂದು ಬಾಯಲ್ಲಿ ಹೇಳಬಲ್ಲೆ. ಕೂರಿಸಿಕೊಟ್ಟು ಬಂದೆ. ಮುಂದಿನ ಸಲ ಹೋದಾಗ ಬಿಂದಿಗೆಯ ಮುಖ ಗೋಡೆಗಿತ್ತು.

"ಏನ್ ತಪ್ಪು ತಿಳ್ಕೊಬ್ಯಾಡಿ ಅಣ್ಣಾ," ಅಂದರು ಕನಕಮ್ಮ, "ನಮ್ಮತ್ತೆ ನೋಡ್ದಂಗೆ ನೋಡ್ತೈತೆ."

ಶೆಡ್ಡಿನಿಂದ ಹೊಸಬರು ಮಾಡಿದ ಒಂದು ಜೊತೆ ತಂದು ಇಟ್ಟೆ. ಒಳ್ಳೆಯ ಕೆಲಸ, ಗೆರೆ ನನ್ನದಕ್ಕಿಂತ ಚೊಕ್ಕ. ಕನಕಮ್ಮ ಅದರೆದುರು ಕೂತು ಬಹಳ ಹೊತ್ತು ನೋಡಿ, ಬೇಡ ಎಂದು ಮೆಲ್ಲಗೆ ತಲೆಯಾಡಿಸಿದರು. ನಾನು ಮತ್ತೆ ಬರೆದೆ, ಮತ್ತೆ ಅಳಿಸಿದೆ. ಈಗಲೂ ತಿಂಗಳಿಗೊಮ್ಮೆ ಒಂದು ಜೊತೆ ಬರೆದು, ಜೇಬಿನಲ್ಲಿಟ್ಟುಕೊಂಡು, ಬಂಗಾರಪೇಟೆಯಲ್ಲಿ ಅವನು ಹತ್ತುತ್ತಿದ್ದ ರೈಲು ಹತ್ತಿ ಹೋಗುತ್ತೇನೆ. ಅವರು ಟೀ ಕೊಡುತ್ತಾರೆ. ಕಣ್ಣು ಇಟ್ಟು ನೋಡುತ್ತೇವೆ, ತೆಗೆಯುತ್ತೇವೆ. "ಅವಸರ ಏನಿಲ್ಲ ಅಣ್ಣಾ" ಅನ್ನುತ್ತಾರೆ.

ಅವನು ಕಡೆಯ ದಿನ ರೆಪ್ಪೆ ಮುಚ್ಚಿ ಹೋದ ಮಾತ್ರೆ ಡಬ್ಬಿ ಬೂದಿಕೋಟೆಯ ಒಂದು ಮನೆಯಲ್ಲಿದೆ. ಅದು ಚೆನ್ನಾಗಿ ನಡೆಯುತ್ತಿದೆ, ಅದರ ಮೇಲೆ ಯಾರೂ ಟವೆಲ್ಲು ಹಾಕಿಲ್ಲ.

ಊರಿಗಾಂನ ಹಸಿರು ಬಿಂದಿಗೆಯೂ ಕೆಲಸ ಮಾಡುತ್ತಿದೆ. ನೀರು ಬಂದರೆ ತಲೆ ಅರ್ಧ ಎತ್ತಿ, ಒಂದು ಗಳಿಗೆ ನಿಂತು, ಪೂರ್ತಿ ಎತ್ತಿ, ಎರಡು ಕೈಯನ್ನೂ ಬೀಸುತ್ತದೆ. ಕನಕಮ್ಮ ಒಂದು ಸಲವೂ ನೀರು ತಪ್ಪಿಸಿಕೊಂಡಿಲ್ಲ. ಅದಕ್ಕೆ ಇನ್ನೂ ಕಣ್ಣಿಲ್ಲ.